ಏಳು ಜೋಡಿ ಬೂಟು, ಒಂದು ಜೋಡಿ ಚಪ್ಪಲಿ

ಮಾರ್ಚ್ 3, ಸೋಮವಾರ

ಇಂದು ಬೆಳಿಗ್ಗೆ ಹತ್ತೂಕಾಲಿಗೆ ಪಾತ್ರೆ ತೊಳೆಯುವ ಅಕ್ಕ ಪ್ಯಾಸೇಜಿನಲ್ಲಿ ಜಾರಿಬಿದ್ದಳು. ಕೈಯಲ್ಲಿ ಇಪ್ಪತ್ತನಾಲ್ಕು ತಟ್ಟೆಗಳಿದ್ದವು. ಇಪ್ಪತ್ತಮೂರು ಒಡೆದವು. ಬಲಗೈ ಮಣಿಕಟ್ಟಿನ ಮೂಳೆಯೂ ಮುರಿದಿದೆ ಎಂದು ಮಧ್ಯಾಹ್ನ ಆಸ್ಪತ್ರೆಯಿಂದ ಸುದ್ದಿ ಬಂತು. ಆರು ವಾರ ಪ್ಲಾಸ್ಟರ್.

ಹೋಟೆಲಿನಲ್ಲಿ ಯಾರಿಗೇ ಪೆಟ್ಟಾದರೂ ರಿಜಿಸ್ಟರಿನಲ್ಲಿ ಬರೆಯುವ ಕೆಲಸ ಹೆಡ್ ವೇಟರನದು, ಅಂದರೆ ನನ್ನದು. 'ಕಾರಣ' ಎಂಬ ಕಾಲಂನಲ್ಲಿ 'ರಬ್ಬರ್ ಚಪ್ಪಲಿ' ಎಂದು ಬರೆದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ. ವಿಷಯ ಅಷ್ಟು ಸ್ಪಷ್ಟವಾಗಿತ್ತು.

ಈ ಡೈರಿ ತರಕಾರಿ ಸರಬರಾಜು ಮಾಡುವವರು ಹೊಸ ವರ್ಷಕ್ಕೆ ಕೊಟ್ಟದ್ದು. ದಿನಕ್ಕೊಂದು ದೊಡ್ಡ ಪುಟ, ಪ್ರತಿ ಪುಟದ ಮೂಲೆಯಲ್ಲಿ ಒಂದು ಹೂಕೋಸಿನ ಚಿತ್ರ. ಎರಡು ತಿಂಗಳು ಖಾಲಿ ಬಿದ್ದಿತ್ತು. ನಿನ್ನೆ ಹೆಂಡತಿ ಹೇಳಿದಳು, "ಹೋಟ್ಲಿನ ಕಥೆ ಹೇಳಿ ಹೇಳಿ ನನ್ನ ತಲೆ ತಿನ್ಬೇಡಿ. ಇದ್ರಲ್ಲಿ ಬರ್ಕೊಳ್ಳಿ. ಇದು ಮಧ್ಯದಲ್ಲಿ ಎದ್ದು ಹೋಗಲ್ಲ." ಹಾಗಾಗಿ ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಗಿರಾಕಿಗಳು ಬರುವ ಮುಂಚೆ, ನಾಲ್ಕು ಗಂಟೆಯ ಬಿಡುವಿನಲ್ಲಿ ಬರೆಯುತ್ತಿದ್ದೇನೆ.

ಉಳಿದ ಒಂದು ತಟ್ಟೆಯನ್ನು ಶೆಲ್ಫಿಗೆ ವಾಪಸು ಇಟ್ಟೆ.

ಮಾರ್ಚ್ 5, ಬುಧವಾರ

ಯಜಮಾನಿ ಕರೆಸಿದರು. ಅವರಿಗೆ ಈಗ ಮೂವತ್ತು ವರ್ಷ. ತಂದೆಯ ನಂತರ ಹೋಟೆಲನ್ನು ಅವರೇ ನೋಡಿಕೊಳ್ಳುತ್ತಿದ್ದಾರೆ. ಅವರು ಫ್ರಾಕು ಹಾಕಿಕೊಂಡು ಮೂರನೇ ಟೇಬಲಿನ ಕೆಳಗೆ ಅವಿತುಕೊಳ್ಳುತ್ತಿದ್ದ ಕಾಲದಿಂದ ನಾನು ಇಲ್ಲಿದ್ದೇನೆ. ಇಪ್ಪತ್ತಾರು ವರ್ಷವಾಯಿತು.

ಎರಡು ಕೆಲಸ ಹೇಳಿದರು. ಮೊದಲನೆಯದು, ಅಕ್ಕ ಬಿದ್ದದ್ದರ ಬಗ್ಗೆ ಪೂರ್ತಿ ವರದಿ ಬರೆದು, ಅವಳ ಸಹಿ ಹಾಕಿಸಿಕೊಂಡು, ತಿಂಗಳ ಕೊನೆಯೊಳಗೆ ಕೊಡಬೇಕು. "ಅವ್ರದ್ದೇ ತಪ್ಪು ಅಂತಾದ್ರೆ ಬದಲಿಗೆ ಬಂದಿರೋರನ್ನೇ ಖಾಯಂ ಮಾಡ್ಬಿಡ್ತೀನಿ ಮೇಷ್ಟ್ರೇ. ಹೋಟ್ಲಿಂದ ತಪ್ಪಾಗಿದ್ರೆ ಅವ್ರ ಜಾಗ ಅವ್ರಿಗೇ."

ಎರಡನೆಯದು, ಹೋಟೆಲಿನವರೆಲ್ಲರಿಗೂ ಜಾರದ ಬೂಟು ಆರಿಸುವುದು. "ಹನ್ನೊಂದು ಹನ್ನೆರಡು ಗಂಟೆ ನಿಂತ್ಕೊಂಡಿರೋರು. ಕಾಲಿಗೂ ಸುಖ ಇರ್ಬೇಕು, ಜಾರ್ಲೂಬಾರ್ದು. ಬೂಟಿನ ವಿಷ್ಯ ನಿಮ್ಗಿಂತ ಯಾರಿಗೆ ಗೊತ್ತು?"

ಈ ಮಾತು ನಿಜ. ನನ್ನನ್ನು ಇಲ್ಲಿ ಎಲ್ಲರೂ ಮೇಷ್ಟ್ರು ಎನ್ನುವುದಕ್ಕೆ ಕಾರಣವೇ ಬೂಟು. ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಅಡುಗೆಮನೆಗೂ ಗಿರಾಕಿಗಳು ಕೂರುವ ಹಾಲಿಗೂ ನಡುವಿನ ಪ್ಯಾಸೇಜಿನಲ್ಲಿ ನನ್ನ ಕೈಕೆಳಗಿನ ಆರು ಜನ ವೇಟರುಗಳನ್ನು ಸಾಲಾಗಿ ನಿಲ್ಲಿಸಿ ಬೂಟು ನೋಡುತ್ತೇನೆ. ನನ್ನದೂ ಸೇರಿ ಏಳು ಜೋಡಿ. ಕಪ್ಪು ಚರ್ಮ, ಚರ್ಮದ್ದೇ ಅಟ್ಟೆ, ಲೇಸು ಬಿಗಿ. ಗಿರಾಕಿ ಮೊದಲು ನೋಡುವುದು ಮೆನುವನ್ನಲ್ಲ, ವೇಟರನ ಕಾಲನ್ನು ಎಂದು ನಾನು ಆಗಾಗ ಹೇಳುತ್ತಿರುತ್ತೇನೆ. ಅಡುಗೆಮನೆಯವರನ್ನು ಸಾಲಿನಲ್ಲಿ ನಿಲ್ಲಿಸುವುದಿಲ್ಲ. ಅವರ ಕಾಲು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಳೆದ ತಿಂಗಳ ಮಧ್ಯದಿಂದ ಒಂದು ಸುಧಾರಣೆಯನ್ನೂ ತಂದಿದ್ದೇನೆ. ಹಿಂದೆ ಪ್ರತಿಯೊಬ್ಬನೂ ಮನೆಯಲ್ಲೇ ಪಾಲಿಶ್ ಮಾಡಿಕೊಂಡು ಬರಬೇಕಿತ್ತು. ಒಬ್ಬನ ಬೂಟು ಕನ್ನಡಿ, ಇನ್ನೊಬ್ಬನದು ಕಲ್ಲಿದ್ದಲು. ಈಗ ನಾನೇ ಹೊಳಪಿನ ಸ್ಪ್ರೇ ಡಬ್ಬಿ ಹಿಡಿದು ಸಾಲಿನುದ್ದಕ್ಕೂ ನಡೆಯುತ್ತೇನೆ. ಬೂಟು ಬಿಚ್ಚುವ ರಗಳೆಯೂ ಇಲ್ಲ. ಎಡಕ್ಕೊಂದು ಸಲ, ಬಲಕ್ಕೊಂದು ಸಲ. ಏಳು ಜೋಡಿಗೆ ಎರಡು ನಿಮಿಷ. ಇಪ್ಪತ್ತಾರು ವರ್ಷದಲ್ಲಿ ನಮ್ಮ ಬೂಟುಗಳು ಇಷ್ಟು ಹೊಳೆದದ್ದಿಲ್ಲ.

ಮಾರ್ಚ್ 7, ಶುಕ್ರವಾರ

ಇಂದು ಬೆಳಿಗ್ಗೆ ನಮ್ಮ ವೇಟರೊಬ್ಬ ಅದೇ ಜಾಗದಲ್ಲಿ ಜಾರಿದ. ಬೀಳಲಿಲ್ಲ, ಬಾಗಿಲು ಹಿಡಿದುಕೊಂಡ. ಇವನ ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಹಾಗಾದರೆ ಚಪ್ಪಲಿಯ ಜೊತೆಗೆ ಇನ್ನೂ ಒಂದು ಕಾರಣ ಇರಬೇಕು. ಅದು ಯಾರೆಂದು ನನಗೆ ತಕ್ಷಣ ಹೊಳೆಯಿತು.

ನಮ್ಮ ದೊಡ್ಡ ಅಡುಗೆಯವನನ್ನು ಗುಡುಗಪ್ಪ ಎನ್ನುತ್ತೇವೆ. ಉಪ್ಪು ಕೇಳಿದರೂ ಮೂರನೇ ಬೀದಿಗೆ ಕೇಳಿಸುವ ಗಂಟಲು. ಅವನ ಬಳಿ ಹೋಗಿ, "ಪ್ಯಾಸೇಜಲ್ಲಿ ಎಣ್ಣೆ ಚೆಲ್ತಿದ್ದೀಯ" ಎಂದೆ.

"ನನ್ನ ಎಣ್ಣೆ ನನ್ನ ಬಾಣಲೇಲಿದೆ."

"ಮತ್ತೆ ಜನ ಯಾಕೆ ಜಾರ್ತಾರೆ?"

"ನಿಮ್ಮ ಜನಾನೇ ಕೇಳಿ. ಅಡುಗೆಮನೆಯಲ್ಲಿ ಇಷ್ಟು ಎಣ್ಣೆ ಮಧ್ಯೆ ನಾವು ಯಾರೂ ಬಿದ್ದಿಲ್ಲ. ಬಾಗಿಲು ದಾಟಿದ ಕೂಡ್ಲೇ ಬೀಳ್ತಾರೆ. ಹೆಂಗೆ?"

ಹಾಲಿಗೆ ವಾಪಸು ಬಂದೆ. ಅವನ ಜೊತೆ ವಾದ ಮಾಡಿದರೆ ಗಿರಾಕಿಗಳಿಗೆ ಕೇಳಿಸುತ್ತದೆ.

ಮಾರ್ಚ್ 11, ಮಂಗಳವಾರ

ನನ್ನ ವಾರದ ರಜೆ. ಬೂಟಿನ ಅಂಗಡಿಗೆ ಬೆಳಿಗ್ಗೆ ಒಂಬತ್ತಕ್ಕೆ ಹೋದೆ. ಅಂಗಡಿಯಾಕೆಗೆ ಅರವತ್ತರ ಆಸುಪಾಸು, ಕನ್ನಡಕಕ್ಕೆ ದಾರ. ಏನು ಕೆಲಸ ಎಂದು ಕೇಳಿದರು. ಹೇಳಿದೆ. "ಹಾಗಾದ್ರೆ ಸಂಜೆ ಬನ್ನಿ" ಎಂದು ವಾಪಸು ಕಳಿಸಿದರು. ಇಡೀ ದಿನ ನಿಂತವರ ಕಾಲು ಸಂಜೆಗೆ ಊದಿರುತ್ತದಂತೆ, ಬೆಳಗಿನ ಕಾಲಿಗೆ ಕೊಂಡ ಬೂಟು ಸಂಜೆಯ ಕಾಲಿಗೆ ಆಗುವುದಿಲ್ಲವಂತೆ. ರಜೆಯ ದಿನ ನನ್ನ ಕಾಲು ಯಾಕೆ ಊದುತ್ತದೆ ಎಂದು ಕೇಳಿದೆ. "ಊದೋ ತನಕ ಸುತ್ತಾಡಿ" ಎಂದರು. ವ್ಯಾಪಾರ ಮಾಡುವ ರೀತಿಯೇ ಇದು?

ಸುತ್ತಾಡಿದೆ. ಸಂಜೆ ಹೋದೆ. ಎರಡೂ ಕಾಲನ್ನು ಅಳತೆಯ ಹಲಗೆಯ ಮೇಲೆ ಇಡಿಸಿದರು. ಎಡಗಾಲು ಎಂಟು, ಬಲಗಾಲು ಎಂಟೂವರೆ. ನನ್ನ ಐವತ್ತನಾಲ್ಕು ವರ್ಷದ ಆಯುಷ್ಯದಲ್ಲಿ ಇದನ್ನು ಯಾರೂ ನನಗೆ ಹೇಳಿರಲಿಲ್ಲ. "ದೊಡ್ಡ ಕಾಲಿಗೆ ತಗೋಬೇಕು. ಚಿಕ್ಕ ಕಾಲು ಹೊಂದ್ಕೊಳ್ಳುತ್ತೆ" ಎಂದರು. ಹೆಬ್ಬೆರಳಿನ ಮುಂದೆ ಅರ್ಧ ಬೆರಳಿನಷ್ಟು ಜಾಗ ಇರಬೇಕು. ಬೂಟನ್ನು ಬಗ್ಗಿಸಿದರೆ ಬೆರಳುಗಳ ಬುಡದಲ್ಲಿ ಬಗ್ಗಬೇಕು, ನಡುವಿನಲ್ಲಿ ಮುರಿದರೆ ಬೇಡ. ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿಯಬೇಕು. ಮೇಲ್ಭಾಗ ಮುಚ್ಚಿರಬೇಕು, ಆದರೆ ಬಿಸಿ ಸೂಪು ಒಳಗೆ ಸೇರಿದರೆ ತಕ್ಷಣ ಕಳಚಲು ಬರಬೇಕು. ಅಡಿಯಲ್ಲಿ ಸಣ್ಣ ಸಣ್ಣ ಕಾಲುವೆಗಳಿರಬೇಕು, ನೀರು ಹರಿದು ಆಚೆ ಹೋಗಲು.

ಕೊನೆಗೆ ಹಿಮ್ಮಡಿಯ ಒಂದು ಜಾಗವನ್ನು ಹೆಬ್ಬೆರಳಿನಿಂದ ಒತ್ತಿ, "ಬೆಳಿಗ್ಗೆ ಎದ್ದಾಗ ಗೋಡೆ ಹಿಡ್ಕೊಂಡು ನಡೀತೀರಾ?" ಎಂದು ಕೇಳಿದರು.

ಇಲ್ಲ ಎಂದೆ.

ಹಿಡಿದುಕೊಂಡೇ ನಡೆಯುತ್ತೇನೆ. ಒಂದೂವರೆ ವರ್ಷವಾಯಿತು. ಮಂಚದಿಂದ ಬಚ್ಚಲಿನವರೆಗೆ ಗೋಡೆಯ ಬಣ್ಣ ಸ್ವಲ್ಪ ಮಾಸಿದೆ. ಹೆಂಡತಿ ಅದನ್ನು ನೋಡಿ ಪಕ್ಕದ ಮನೆಯ ಮಕ್ಕಳನ್ನು ಬೈಯುತ್ತಾಳೆ.

ಪರೀಕ್ಷೆಗೆಂದು ಎರಡು ಜೋಡಿ ಕೊಟ್ಟರು, ಸರಿಹೋಗದಿದ್ದರೆ ವಾಪಸು. ಒಂದು ಲೇಸಿನದು, ಪರವಾಗಿಲ್ಲ. ಇನ್ನೊಂದು ಲೇಸೇ ಇಲ್ಲದ, ಉಬ್ಬಿದ ಮೂತಿಯ, ಕಪ್ಪು ರಬ್ಬರಿನ ವಸ್ತು. ಹಾಕಿಕೊಂಡರೆ ಕಾಲಿಗೆ ಎರಡು ಬದನೆಕಾಯಿ ಸಿಕ್ಕಿಸಿಕೊಂಡಂತೆ ಕಾಣುತ್ತದೆ.

ಮಾರ್ಚ್ 13, ಗುರುವಾರ

ಲೇಸಿನ ಬೂಟಿನ ಪರೀಕ್ಷೆ. ಹತ್ತು ಗಂಟೆಗೆ ಸಾಲಿನಲ್ಲಿ ಎಲ್ಲರಿಗೂ ಹೊಳಪು ಕೊಟ್ಟ ಹಾಗೆ ಇದಕ್ಕೂ ಕೊಟ್ಟು, ಪ್ಯಾಸೇಜಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದೆ. ಬಾಗಿಲಿನ ಹತ್ತಿರ ಜಾರಿತು.

ಜಾರದ ಬೂಟು ಎಂದು ಪೆಟ್ಟಿಗೆಯ ಮೇಲೆ ಬರೆದಿದೆ.

ಮಾರ್ಚ್ 14, ಶುಕ್ರವಾರ

ಬದನೆಕಾಯಿಯ ಪರೀಕ್ಷೆ. ಹೊಳಪು ಕೊಟ್ಟೆ. ರಬ್ಬರಿಗೆ ಹೊಳಪು ಹಿಡಿಯಲಿಲ್ಲ, ಹಾಗಾಗಿ ಇನ್ನೆರಡು ಸಲ ಕೊಟ್ಟೆ. ಇದು ಇನ್ನೂ ಹೆಚ್ಚು ಜಾರಿತು. ಗೋಡೆಗೆ ಆತುಕೊಂಡು ನಿಂತೆ. ಬಾಗಿಲ ಕಿಂಡಿಯಿಂದ ನೋಡುತ್ತಿದ್ದ ಗುಡುಗಪ್ಪ, "ಡ್ಯಾನ್ಸಿಗೆ ಟಿಕೆಟ್ ಇದ್ಯಾ ಮೇಷ್ಟ್ರೇ?" ಎಂದು ಕೂಗಿದ. ಹಾಲಿನಲ್ಲಿ ಒಬ್ಬ ಗಿರಾಕಿ ತಿರುಗಿ ನೋಡಿದ.

ಜಾರದ ಬೂಟು ಎಂಬುದು ಶುದ್ಧ ಮೋಸ ಎಂಬ ತೀರ್ಮಾನಕ್ಕೆ ಬರುತ್ತಿದ್ದೇನೆ. ಒಂದು ಮಾತು ಮಾತ್ರ ಒಪ್ಪಬೇಕು. ಬದಲಾಯಿಸುವುದು ಮರೆತು ಬದನೆಕಾಯಿಯನ್ನೇ ಹಾಕಿಕೊಂಡು ಮಧ್ಯಾಹ್ನ ಪೂರ್ತಿ ಕೆಲಸ ಮಾಡಿದೆ. ಹಿಮ್ಮಡಿ ಸುದ್ದಿಯೇ ಎತ್ತಲಿಲ್ಲ. ನೋಡಿಕೊಂಡ ತಕ್ಷಣ ಬದಲಾಯಿಸಿದೆ.

ಮಾರ್ಚ್ 18, ಮಂಗಳವಾರ

ವರದಿ ತೆಗೆದುಕೊಂಡು ಅಕ್ಕನ ಮನೆಗೆ ಹೋದೆ, ಸಹಿ ಹಾಕಿಸಲು. ಟೈಲರ್ ಅಂಗಡಿಯ ಮೇಲೆ ಒಂದು ಕೋಣೆ, ಕಡಿದಾದ ಮೆಟ್ಟಿಲು. ತಂಗಿಯ ಜೊತೆ ಇದ್ದಾಳೆ. ತಂಗಿ ಕೆಲಸಕ್ಕೆ ಹೋಗಿದ್ದಳು. ಅಕ್ಕ ಎಡಗೈಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ನಾನು ತಂದ ಹಣ್ಣನ್ನು ಪಕ್ಕಕ್ಕಿಟ್ಟಳು. ವರದಿ ಓದಿ ಹೇಳಿದೆ.

"ಚಪ್ಪಲಿಯಿಂದಲ್ಲ ಮೇಷ್ಟ್ರೇ. ಹನ್ನೊಂದು ವರ್ಷದಿಂದ ಅದೇ ಚಪ್ಪಲಿ ಥರದ್ದೇ ಹಾಕ್ಕೊಂಡು ಅದೇ ನೆಲದ ಮೇಲೆ ಓಡಾಡಿದೀನಿ. ಅವತ್ತು ನೆಲಾನೇ ಬೇರೆ ಇತ್ತು."

"ನೆಲ ಹೇಗೆ ಬೇರೆ ಆಗುತ್ತೆ?"

"ನೀರಿನ ಜಾರಿಕೆ ಬೇರೆ, ಎಣ್ಣೆ ಜಾರಿಕೆ ಬೇರೆ. ನೀರಾದ್ರೆ ಕಾಲು ಒಂದು ಚೂರು ಹೋಗಿ ನಿಲ್ಲುತ್ತೆ. ಎಣ್ಣೆಯಾದ್ರೆ ಅಂಟಂಟಾಗಿ ಹೋಗುತ್ತೆ. ಇದು ಎರಡೂ ಅಲ್ಲ. ಕಾಲು ಇಟ್ಟಿದ್ದೇ ಗೊತ್ತಾಗ್ಲಿಲ್ಲ, ಹೋಯ್ತು."

ಇದನ್ನೆಲ್ಲ ವರದಿಯಲ್ಲಿ ಬರೆಯಲು ಬರುವುದಿಲ್ಲ ಎಂದೆ. ಅಕ್ಕಿಯಲ್ಲಿ ಒಂದು ಕಲ್ಲು ಸಿಕ್ಕಿತು, ಅದನ್ನು ಕಿಟಕಿಯಿಂದ ಆಚೆ ಎಸೆದಳು. ಆಮೇಲೆ ಹೇಳಿದಳು, "ಮೂರು ವರ್ಷದ ಹಿಂದೆ ನಿಮ್ಮ ಹತ್ರ ಬಂದು ನನಗೂ ಒಂದು ಜೊತೆ ಬೂಟು ಕೊಡ್ಸಿ ಅಂದಿದ್ದೆ. ನಿನ್ನ ಕಾಲು ಯಾರು ನೋಡ್ತಾರೆ ಅಂದ್ರಿ. ನೆನಪಿದ್ಯಾ?"

ನೆನಪಿಲ್ಲ. ನಾನು ಹಾಗೆ ಅಂದಿರಲಾರೆ. ಅಂದಿದ್ದರೂ ತಮಾಷೆಗೆ ಅಂದಿರಬೇಕು.

ಸಹಿ ಕೇಳಿದೆ. ಪ್ಲಾಸ್ಟರ್ ಹಾಕಿದ ಕೈಯನ್ನು ಎತ್ತಿ ತೋರಿಸಿದಳು. "ಬಲಗೈಯಲ್ಲೇ ಸಹಿ ಹಾಕೋದು ನಾನು. ವಾಸಿಯಾಗ್ಲಿ, ಹಾಕ್ತೀನಿ." ಎಡಗೈ ಹೆಬ್ಬೆಟ್ಟು ಒತ್ತಿದರೂ ಆಗುತ್ತದೆ ಎಂದೆ. "ಓದು ಬರಹ ಬರೋಳು ನಾನು, ಹೆಬ್ಬೆಟ್ಟು ಯಾಕೆ ಒತ್ತಲಿ?" ಎಂದಳು. ವರದಿಯನ್ನು ಮಡಚಿ ಜೇಬಿಗಿಟ್ಟೆ.

ಹೊರಡುವಾಗ ಕೇಳಿದಳು, "ನನ್ನ ಜಾಗಕ್ಕೆ ಬೇರೆಯವರನ್ನ ಹಾಕ್ಕೊಂಡ್ರೆ, ಮುರಿದು ಕೂಡಿದ ಕೈ ಇಟ್ಕೊಂಡು ಈ ವಯಸ್ಸಲ್ಲಿ ಎಲ್ಲಿ ಕೆಲ್ಸ ಕೇಳ್ಲಿ?"

ಯಜಮಾನಿಯವರು ಯೋಚನೆ ಮಾಡುತ್ತಾರೆ ಎಂದೆ. ಮೆಟ್ಟಿಲು ಇಳಿಯುವಾಗ ಹಿಮ್ಮಡಿ ಬಹಳ ನೋಯುತ್ತಿತ್ತು.

ಮಾರ್ಚ್ 20, ಗುರುವಾರ

ಸೀಮೆಸುಣ್ಣದಿಂದ ಪ್ಯಾಸೇಜಿನ ನೆಲಕ್ಕೆ ಚೌಕ ಹಾಕಿ ಎರಡು ದಿನ ಗಮನಿಸಿದೆ. ಫಲಿತಾಂಶ ಹೀಗಿದೆ. ಬೆಳಿಗ್ಗೆ ಒಂಬತ್ತೂವರೆಗೆ ಜಾರುವುದಿಲ್ಲ. ಹತ್ತೂಕಾಲಿಗೆ ಜಾರುತ್ತದೆ. ಹನ್ನೆರಡಕ್ಕೆ ಬದಲಿ ಕೆಲಸದವನು ಬಿಸಿ ಸೋಪುನೀರಿನಲ್ಲಿ ಒರೆಸಿದ ಮೇಲೆ ಸಂಜೆಯವರೆಗೂ ಜಾರುವುದಿಲ್ಲ. ಅಡುಗೆಮನೆಯ ಬಾಗಿಲಿನಿಂದ ಹಾಲಿನ ಬಾಗಿಲಿನವರೆಗೆ, ವೇಟರುಗಳು ಸಾಲು ನಿಲ್ಲುವ ಉದ್ದಕ್ಕೆ ಸರಿಯಾಗಿ ಜಾರುತ್ತದೆ. ಅದರಾಚೆ ಇಲ್ಲ.

ಅಂದರೆ ಗುಡುಗಪ್ಪ ದಿನಾ ಹತ್ತರಿಂದ ಹತ್ತೂಕಾಲಿನೊಳಗೆ, ನಾವೆಲ್ಲ ಅಲ್ಲೇ ನಿಂತಿರುವಾಗಲೇ, ನಮ್ಮ ಕಣ್ಣಿಗೆ ಮಣ್ಣೆರಚಿ ಎಣ್ಣೆ ಚೆಲ್ಲುತ್ತಿದ್ದಾನೆ. ಇಷ್ಟು ಕಿಲಾಡಿ ಎಂದು ತಿಳಿದಿರಲಿಲ್ಲ.

ಮಾರ್ಚ್ 22, ಶನಿವಾರ

ತೊಂಬತ್ತು ಜನರ ಪಾರ್ಟಿ. ಹನ್ನೆರಡೂವರೆ ಗಂಟೆ ನಿಂತೆ. ಇನ್ನು ಬರೆಯಲಾರೆ.

ಮಾರ್ಚ್ 25, ಮಂಗಳವಾರ

ಹೋಟೆಲಿನ ನೆಲವನ್ನು ನಂಬುವ ಹಾಗಿಲ್ಲ, ಆದ್ದರಿಂದ ಬೂಟಿನ ಪರೀಕ್ಷೆಯನ್ನು ಗುಡುಗಪ್ಪನ ಕೈಗೆಟುಕದ ಕಡೆ ಮಾಡಬೇಕು ಎಂದು ನಿರ್ಧರಿಸಿ ಬದನೆಕಾಯಿ ಜೋಡಿಯನ್ನೂ ಸ್ಪ್ರೇ ಡಬ್ಬಿಯನ್ನೂ ಮನೆಗೆ ತಂದಿದ್ದೆ. ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಬೆಳಕು ಚೆನ್ನಾಗಿತ್ತು. ಅಲ್ಲೇ ಇಟ್ಟು ಹೊಳಪು ಕೊಟ್ಟೆ. ಒಣಗಲಿ ಎಂದು ಬೂಟನ್ನು ಕಿಟಕಿಯ ಮೇಲಿಟ್ಟು ಕಾಫಿ ಕುಡಿಯಲು ಕೂತೆ.

ಹೆಂಡತಿ ಖಾಲಿ ಪಾತ್ರೆ ಹಿಡಿದು ಬಂದಳು. ಬಾಗಿಲು ದಾಟುವಾಗ ಕಾಲು ಜಾರಿ, ಇದ್ದಕ್ಕಿದ್ದಂತೆ ನೆಲಕ್ಕೆ ಕೂತುಬಿಟ್ಟಳು. ಪಾತ್ರೆ ಉರುಳಿಕೊಂಡು ಹೋಗಿ ಫ್ರಿಜ್ಜಿಗೆ ಬಡಿಯಿತು. ಏನೂ ಆಗಿಲ್ಲ, ಸೊಂಟ ಸ್ವಲ್ಪ ಹಿಡಿದುಕೊಂಡಿದೆ ಅಷ್ಟೆ.

"ಎಣ್ಣೆ ಚೆಲ್ಲಿದ್ದೀಯಾ?" ಎಂದು ಕೇಳಿದೆ.

"ರೀ, ಇನ್ನೂ ಒಲೆನೇ ಹಚ್ಚಿಲ್ಲ."

ಅವಳು ನೆಲದ ಮೇಲೆ ಕೈಯಾಡಿಸಿದಳು. ಬೆರಳನ್ನು ಮೂಗಿಗೆ ಹಿಡಿದಳು. ಆಮೇಲೆ ಅದೇ ಬೆರಳನ್ನು ನನ್ನ ಮೂಗಿಗೆ ಹಿಡಿದಳು.

ಅವಳು ಬರಿಗಾಲಿನಲ್ಲಿದ್ದಳು. ಚಪ್ಪಲಿಯೂ ಇರಲಿಲ್ಲ, ಬೂಟೂ ಇರಲಿಲ್ಲ.

ಮಾರ್ಚ್ 26, ಬುಧವಾರ

ಡಬ್ಬಿ ಖಾಲಿಯಾಗಿದೆ ಎಂದು ಹೇಳಿ ಇಂದು ಸ್ಪ್ರೇ ಹೊಡೆಯಲಿಲ್ಲ. ಡಬ್ಬಿ ಖಾಲಿಯಾಗಿರಲಿಲ್ಲ.

ಯಾರೂ ಜಾರಲಿಲ್ಲ.

ಮಾರ್ಚ್ 27, ಗುರುವಾರ

ಯಾರೂ ಜಾರಲಿಲ್ಲ. ಬದನೆಕಾಯಿ ಹಾಕಿಕೊಂಡು ಬಾಗಿಲಿನ ಹತ್ತಿರ ಬೇಕೆಂದೇ ಕಾಲೆಳೆದು ನೋಡಿದೆ. ನೆಲವನ್ನು ಕಚ್ಚಿ ಹಿಡಿಯುತ್ತದೆ.

ಮಾರ್ಚ್ 28, ಶುಕ್ರವಾರ

ಡಬ್ಬಿಯ ಹಿಂದೆ ಇರುವೆ ಸಾಲಿನಂಥ ಅಕ್ಷರ. ಹೆಂಡತಿಯ ಕನ್ನಡಕ ತಂದು ಓದಿದೆ. 'ನೆಲದ ಮೇಲೆ ಬೀಳದಂತೆ ನೋಡಿಕೊಳ್ಳಿ. ಬಿದ್ದರೆ ನೆಲ ವಿಪರೀತ ಜಾರುತ್ತದೆ.' ಆರು ವಾರದಿಂದ ಈ ಡಬ್ಬಿ ನನ್ನ ಕೈಯಲ್ಲೇ ಇದೆ.

ಕೂತು ಯೋಚಿಸಿದೆ. ಹೊಸ ಬೂಟು ಸೋಮವಾರ ಆರ್ಡರ್ ಆಗುತ್ತದೆ. ಡಬ್ಬಿಯನ್ನು ನಾನು ಬಿಸಾಡಿದರೆ ಜಾರುವುದು ತಾನಾಗಿ ನಿಲ್ಲುತ್ತದೆ. ಬೂಟಿನಿಂದಲೇ ನಿಂತಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆರಿಸಿದ್ದು ಮೇಷ್ಟ್ರು ಎಂದು ಹೊಗಳುತ್ತಾರೆ. ಚಪ್ಪಲಿಯಿಂದ ಬಿದ್ದದ್ದು ಎಂಬ ನನ್ನ ವರದಿಗೆ ಇನ್ನೂ ಬಲ ಬರುತ್ತದೆ. ಎಲ್ಲ ಸರಿಹೋಗುತ್ತದೆ, ಅಕ್ಕನ ಕೆಲಸ ಒಂದನ್ನು ಬಿಟ್ಟು.

ಬೂಟಿನ ಅಳತೆಯ ಪಟ್ಟಿಯನ್ನೂ ಇಂದೇ ಪೂರ್ತಿ ಮಾಡಲು ಕೂತೆ. ವೇಟರುಗಳದ್ದು ನನಗೆ ಬಾಯಿಪಾಠ. ಗುಡುಗಪ್ಪನನ್ನು ಕೇಳಿದೆ. ಕಾಲು ಎತ್ತಿ ತೋರಿಸಿ, "ಹನ್ನೊಂದು" ಎಂದು ಗುಡುಗಿದ. ಬದಲಿಯವನದು ಏಳು. ಅಕ್ಕನ ಅಳತೆ ಗೊತ್ತಿಲ್ಲ. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ನಮ್ಮ ಸಾಲಿನ ಪಕ್ಕದಲ್ಲೇ ತಟ್ಟೆ ಹೊತ್ತು ಹೋಗುತ್ತಿದ್ದಳು. ನಾನು ಬಗ್ಗಿ ಬೂಟು ನೋಡುತ್ತಿರುತ್ತಿದ್ದೆ. ಆ ಕಾಲು ನನ್ನ ಮೂಗಿನ ಮುಂದೆಯೇ ಹೋಗಿರಬೇಕು.

ನಿನ್ನ ಕಾಲು ಯಾರು ನೋಡ್ತಾರೆ ಎಂದು ನಾನು ಅಂದದ್ದು ನಿಜ. ಆವತ್ತು ಇಬ್ಬರು ವೇಟರುಗಳು ನಕ್ಕಿದ್ದರು. ನಕ್ಕರೆಂದು ನನಗೆ ಖುಷಿಯೂ ಆಗಿತ್ತು. ಈಗ ಬರೆಯುವಾಗ ನಾಚಿಕೆಯಾಗುತ್ತಿದೆ.

ಮಾರ್ಚ್ 31, ಸೋಮವಾರ

ಬೆಳಿಗ್ಗೆ ರಿಜಿಸ್ಟರ್ ತೆಗೆದು 'ರಬ್ಬರ್ ಚಪ್ಪಲಿ' ಎಂಬುದನ್ನು ಹೊಡೆದುಹಾಕಿ, 'ಹೆಡ್ ವೇಟರ್ ಹೊಡೆದ ಪಾಲಿಶ್ ಸ್ಪ್ರೇ ನೆಲಕ್ಕೆ ಬಿದ್ದು' ಎಂದು ಬರೆದೆ. ಇದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಡಬ್ಬಿಯ ಸಮೇತ ಯಜಮಾನಿಯವರ ಮುಂದಿಟ್ಟೆ.

ಅವರು ಎರಡು ಸಲ ಓದಿದರು. "ಇದನ್ನ ನೀವು ಹೇಳ್ದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ, ಅಲ್ವಾ?"

"ನನ್ನ ಹೆಂಡತಿಗೆ ಗೊತ್ತು" ಎಂದೆ.

ನಗಬಹುದು ಅಂದುಕೊಂಡೆ. ನಗಲಿಲ್ಲ. "ಅಕ್ಕ ವಾಪಸ್ ಬರ್ತಾರೆ, ಅದ್ರಲ್ಲಿ ಮಾತಿಲ್ಲ. ಆದ್ರೆ ನಿಮ್ಮನ್ನ ಹಾಗೇ ಬಿಟ್ರೆ ಉಳಿದವ್ರಿಗೆ ಏನು ಹೇಳ್ಲಿ? ಹೆಡ್ ವೇಟರ್ ಕೆಲ್ಸ ಬೇರೆಯವ್ರಿಗೆ ಕೊಡ್ತೀನಿ. ನೀವು ಟೇಬಲ್ ನೋಡ್ಕೊಳ್ಳಿ. ಬೇಜಾರಿಲ್ವಾ?"

ಇಲ್ಲ ಎಂದೆ. ಇದೆ. ಕೋಟಿನ ಎದೆಯ ಮೇಲಿನ ಬ್ಯಾಡ್ಜು ಬಿಚ್ಚಿ ಮೇಜಿನ ಮೇಲಿಟ್ಟೆ. ಪಿನ್ನಿದ್ದ ಜಾಗದಲ್ಲಿ ಎರಡು ತೂತು ಉಳಿದಿವೆ. ಹೊರಬರುವಾಗ ಅವರು ಕೂಗಿ ಕೇಳಿದರು, "ಬೂಟು ಯಾವ್ದು ಅಂತ ಹೇಳ್ಲೇ ಇಲ್ವಲ್ಲ?"

"ಬದನೆಕಾಯಿ" ಎಂದೆ. ಆಮೇಲೆ ವಿವರಿಸಬೇಕಾಯಿತು.

ಅಡುಗೆಮನೆಗೆ ಹೋಗಿ ಗುಡುಗಪ್ಪನಿಗೂ ಹೇಳಿದೆ. ಅವನು ಜೋರಾಗಿ ಏನಾದರೂ ಅನ್ನುತ್ತಾನೆ ಎಂದು ಹಲ್ಲು ಕಚ್ಚಿಕೊಂಡು ನಿಂತಿದ್ದೆ. "ಸರಿ ಬಿಡಿ" ಎಂದ, ಮೆತ್ತಗೆ. ಅವನಿಗೆ ಅಷ್ಟು ಮೆತ್ತಗೆ ಮಾತಾಡಲು ಬರುತ್ತದೆ ಎಂದು ಗೊತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 1, ಮಂಗಳವಾರ

ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಿದ್ದರು. ಕೊನೆಯವರೆಗೂ ಕೇಳಿಸಿಕೊಂಡರು.

"ಮೊದ್ಲು ಯಜಮಾನಿಗೆ ಹೇಳಿದ್ರಾ, ಮೊದ್ಲು ನನಗೆ ಹೇಳ್ತಿದೀರಾ?"

"ಮೊದ್ಲು ಅವ್ರಿಗೆ. ನಿನ್ನೆ."

"ಹಾಗಾದ್ರೆ ಸರಿ. ನನ್ನ ಹತ್ರ ಮಾತ್ರ ಹೇಳಿ ಮುಗಿಸಿಲ್ಲ."

ಸ್ವಲ್ಪ ಹೊತ್ತು ಸೊಪ್ಪು ಬಿಡಿಸಿದರು. ಎಡಗೈಯಲ್ಲಿ ಬಹಳ ನಿಧಾನ. ನಾನೂ ಒಂದು ಕಟ್ಟು ತೆಗೆದುಕೊಂಡೆ.

"ನಾಲ್ಕು ಬೈಗುಳ ಬೈದ್ಬಿಡಿ" ಎಂದೆ.

"ಪ್ಲಾಸ್ಟರ್ ಬಿಚ್ಚೋಕೆ ಇನ್ನೂ ಎರಡು ವಾರ ಇದೆ. ನಿಧಾನವಾಗಿ ಬೈತೀನಿ" ಎಂದರು. ಆಮೇಲೆ ನನ್ನ ಕೈಯಲ್ಲಿದ್ದ ಸೊಪ್ಪು ನೋಡಿ, "ಕಡ್ಡಿನೆಲ್ಲ ಎಲೆ ಜೊತೆ ಹಾಕ್ತಿದೀರಿ" ಎಂದರು.

ಏಪ್ರಿಲ್ 5, ಶನಿವಾರ

ಬೂಟುಗಳು ಬಂದವು. ಅಕ್ಕನದೊಂದು ಬಿಟ್ಟು. ಅವರದ್ದನ್ನು ಕಾಲು ನೋಡಿಯೇ ತರಿಸಬೇಕು ಎಂದು ನಾನೇ ಹಿಡಿದುಕೊಂಡಿದ್ದೇನೆ.

ಹೊಸ ಹೆಡ್ ವೇಟರ್ ಬೆಳಿಗ್ಗೆ ಸಾಲು ನಿಲ್ಲಿಸಿದ. ನಾನು ಸಾಲಿನಲ್ಲಿ ನಿಂತೆ, ಕೊನೆಯಿಂದ ಎರಡನೆಯವನಾಗಿ. ಅಡುಗೆಮನೆಯವರೂ ನಿಂತರು. ಹೊಳಪು ನೋಡುವುದಿಲ್ಲ, ಪಾದ ಎತ್ತಿಸಿ ಅಡಿ ನೋಡುತ್ತಾನೆ, ಕಾಲುವೆಗಳಲ್ಲಿ ಕಸ ಸಿಕ್ಕಿದೆಯೇ ಎಂದು. ಗುಡುಗಪ್ಪ ಒಂಟಿಕಾಲಲ್ಲಿ ನಿಲ್ಲಲಾರದೆ ನನ್ನ ಭುಜ ಹಿಡಿದುಕೊಂಡ. ಮಣಭಾರ.

ಸಂಜೆ ಮನೆಗೆ ಹೋಗುವಾಗ ಎರಡು ಸ್ಟಾಪ್ ಮುಂಚೆಯೇ ಬಸ್ ಇಳಿದು ನಡೆದುಕೊಂಡು ಹೋದೆ. ಯಾಕೆಂದು ಗೊತ್ತಿಲ್ಲ. ಮೊದಲು ಹಾಗೆ ಮಾಡುತ್ತಿರಲಿಲ್ಲ.

ಏಪ್ರಿಲ್ 9, ಬುಧವಾರ

ಹಿಮ್ಮಡಿ ನೋವಿನ ವಿಷಯ ಹೆಂಡತಿಗೆ ಹೇಳಿದೆ. ಗೋಡೆಯ ಕಲೆ ನನ್ನದೇ ಎಂದೂ ಹೇಳಿದೆ. ಅವಳು ತಕ್ಷಣ ಎದ್ದು ಪಕ್ಕದ ಮನೆಗೆ ಹೋಗಿ ಮಕ್ಕಳ ಕ್ಷಮೆ ಕೇಳಿ ಬಂದಳು. ಆಮೇಲೆ ಒಂದು ಬಕೆಟ್ ಬಿಸಿನೀರು ತಂದು ನನ್ನ ಮುಂದೆ ದಡಾರನೆ ಇಟ್ಟು ಒಳಗೆ ಹೋದಳು.

ನೀರು ಹದವಾಗಿತ್ತು.

ಏಪ್ರಿಲ್ 15, ಮಂಗಳವಾರ

ನಿನ್ನೆ ಅಕ್ಕನ ಪ್ಲಾಸ್ಟರ್ ಬಿಚ್ಚಿದರು. ನಾಡಿದ್ದಿನಿಂದ ಕೆಲಸಕ್ಕೆ ಬರುತ್ತಾರೆ, ಮೊದಲು ಹಗುರ ಕೆಲಸ. ಸಂಜೆ ಆರು ಗಂಟೆಗೆ ಅವರ ಮನೆಗೆ ಹೋದೆ. ಬೆಳಿಗ್ಗೆ ಯಾಕೆ ಬರಲಿಲ್ಲ ಎಂದು ಕೇಳಿದರು. ಸಂಜೆಗೆ ಕಾಲು ಊದಿರುತ್ತದೆ, ಸಂಜೆಯ ಕಾಲಿಗೇ ಅಳತೆ ತೆಗೆಯಬೇಕು ಎಂದು ವಿವರಿಸಿದೆ.

"ಆರು ವಾರದಿಂದ ಕೂತೇ ಇದೀನಲ್ಲ ಮೇಷ್ಟ್ರೇ, ಕಾಲು ಎಲ್ಲಿಂದ ಊದುತ್ತೆ?"

ನನಗೆ ಇದು ಹೊಳೆದಿರಲಿಲ್ಲ. ಊದೋ ತನಕ ಸುತ್ತಾಡಿ ಎಂದು ಅಂಗಡಿಯಾಕೆ ನನಗೆ ಹೇಳಿದ್ದನ್ನೇ ಹೇಳಿದೆ. ಅಕ್ಕ ನನ್ನನ್ನೊಮ್ಮೆ ನೋಡಿ, ತಂಗಿಯನ್ನು ಕರೆದುಕೊಂಡು ಹೊರಟರು. ಮೂವರೂ ಮಾರುಕಟ್ಟೆಯ ಸುತ್ತ ಮುಕ್ಕಾಲು ಗಂಟೆ ನಡೆದೆವು. ದಾರಿಯುದ್ದಕ್ಕೂ ಅವರು ಬಾಕಿಯಿದ್ದ ಬೈಗುಳ ಬೈದರು. ತಂಗಿಯೂ ಕೆಲವು ಸೇರಿಸಿದರು.

ವಾಪಸು ಬಂದ ಮೇಲೆ ನೋಡಿದರೆ ಅಳತೆಗೆ ಕಾಗದ ತಂದಿರಲಿಲ್ಲ. ಚೀಲದಲ್ಲಿ ಈ ಡೈರಿಯೊಂದೇ ಇತ್ತು. ಇಂದಿನ ಪುಟ, ನಾಳಿನ ಪುಟ ಎರಡನ್ನೂ ಬಿಡಿಸಿ ನೆಲದ ಮೇಲಿಟ್ಟೆ. ಮೊಣಕಾಲೂರಿ ಕೂತೆ. ಅಕ್ಕ ಹಿಂಜರಿದರು. "ಬರೆದಿರೋದು ತುಳಿದ ಹಾಗೆ ಆಗುತ್ತೆ" ಎಂದರು. ಇನ್ನೂ ಏನೂ ಬರೆದಿಲ್ಲ ಎಂದೆ. ಎಡಗಾಲನ್ನು ಇಂದಿನ ಪುಟದ ಮೇಲಿಟ್ಟರು, ಬಲಗಾಲನ್ನು ನಾಳಿನ ಪುಟದ ಮೇಲೆ. ಪೆನ್ಸಿಲನ್ನು ನೇರ ಹಿಡಿದು ಸುತ್ತ ಗೆರೆ ಎಳೆದೆ. ಕಿರುಬೆರಳಿನ ಪಕ್ಕ ಹಳೆಯ ಚಪ್ಪಲಿಯ ಪಟ್ಟಿ ಒತ್ತಿ ಒತ್ತಿ ಗಟ್ಟಿಯಾದ ಚರ್ಮವಿದೆ. ಅಲ್ಲಿ ಗೆರೆಯನ್ನು ಸ್ವಲ್ಪ ಅಗಲಕ್ಕೆ ಬಿಟ್ಟೆ.

ಎಡಗಾಲು ಐದು, ಬಲಗಾಲು ಐದೂವರೆ ಇರಬಹುದು. ನನ್ನ ಹಾಗೆಯೇ ಬಲಗಾಲೇ ದೊಡ್ಡದು.

ಇದನ್ನು ಎಡಗಾಲಿನ ಸುತ್ತ ಉಳಿದ ಜಾಗದಲ್ಲಿ, ಹಿಮ್ಮಡಿಯಿಂದ ಶುರುಮಾಡಿ, ಚಿಕ್ಕ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಬೆರಳುಗಳು ಹೂಕೋಸಿನ ಚಿತ್ರದವರೆಗೂ ಬಂದಿವೆ. ನಾಳಿನ ಪುಟದಲ್ಲಿ ಬಲಗಾಲಿದೆ, ಅಲ್ಲಿ ಏನೂ ಬರೆಯುವುದಿಲ್ಲ.